ಕಾಡು ದ್ರಾಕ್ಷಿಯಿಂದ ವೈನ್ ಯೀಸ್ಟ್ ಹಿಡಿಯುವುದು ಹೇಗೆ?

ಯುರೋಪಿನ ನದಿ ದಂಡೆಗಳಲ್ಲಿ, ಕಾಕಸಸ್ ಸೀಮೆಯ ಕಾಡುಗಳಲ್ಲಿ ಮರಕ್ಕೆ ಹಬ್ಬಿಕೊಂಡು ಬೆಳೆಯುವ ಕಾಡು ದ್ರಾಕ್ಷಿ ಇದೆಯಲ್ಲ, ತೋಟದ ವೈನ್ ದ್ರಾಕ್ಷಿ ಬಂದಿದ್ದು ಅದರಿಂದಲೇ. ಹಣ್ಣು ಪುಟ್ಟದು, ಹುಳಿ ಜಾಸ್ತಿ. ಆದರೆ ಯಾರೂ ಔಷಧಿ ಹೊಡೆಯದ ಆ ಸಿಪ್ಪೆಯ ಮೇಲೆ ಬಗೆಬಗೆಯ ಯೀಸ್ಟ್‌ಗಳು, ಅಂದರೆ ಸಕ್ಕರೆಯನ್ನು ಹುದುಗಿಸುವ ಸೂಕ್ಷ್ಮಜೀವಿಗಳು, ಬದುಕಿರುತ್ತವೆ.

ಮೊದಲು ಹೆಣ್ಣು ಬಳ್ಳಿ ಹುಡುಕಿ. ಕಾಡಿನಲ್ಲಿ ಗಂಡು, ಹೆಣ್ಣು ಬಳ್ಳಿ ಬೇರೆ ಬೇರೆ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಗೊಂಚಲು ಕತ್ತರಿಸಿ, ಕೈ ತಾಗಿಸದೆ ಸ್ಟೆರೈಲ್ ಚೀಲಕ್ಕೆ ಹಾಕಿ. ತೊಳೆಯಲೇಬೇಡಿ, ಬೇಕಾದದ್ದೇ ನೀರಿನ ಜೊತೆ ಹೋಗಿಬಿಡುತ್ತದೆ.

ಚೀಲದಲ್ಲೇ ಹಿಸುಕಿ, ರಸವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಲು ಬಿಡಿ. ಇಲ್ಲಿ ಅವಸರ ಬೇಡ. ವೈನಿನ ಮುಖ್ಯ ಯೀಸ್ಟ್ ಸ್ಯಾಕರೋಮೈಸಿಸ್ ಸೆರೆವಿಸಿಯೆ ಒಡೆಯದ ಹಣ್ಣಿನ ಮೇಲೆ ತೀರಾ ಅಪರೂಪ. ಕುಟುಕುವ ಕಣಜದ ಹುಳುಗಳು ಅದನ್ನು ಹೊಟ್ಟೆಯಲ್ಲಿ ಹೊತ್ತು ತರುವುದೂ ಉಂಟು! ಮೊದಲ ದಿನ ಹ್ಯಾನ್ಸೆನಿಯಾಸ್ಪೋರಾದಂಥ ಬೇರೆ ಯೀಸ್ಟ್‌ಗಳೇ ತುಂಬಿರುತ್ತವೆ. ಆಲ್ಕೋಹಾಲ್ ಏರಿದಂತೆ ಅವು ಸೋಲುತ್ತವೆ, ಸ್ಯಾಕರೋಮೈಸಿಸ್ ಮೇಲೇಳುತ್ತದೆ. ಹಾಗಾಗಿ ಶುರುವಿನಲ್ಲಿ, ನಡುವೆ, ಕೊನೆಗೆ ಹೀಗೆ ಮೂರು ಸಲ ಸ್ಯಾಂಪಲ್ ತೆಗೆಯಿರಿ. ಒಂದೇ ಸಲ ತೆಗೆದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಪ್ರತಿ ಸ್ಯಾಂಪಲನ್ನೂ ಹಂತಹಂತವಾಗಿ ಹತ್ತು ಹತ್ತು ಪಟ್ಟು ತೆಳುಮಾಡುತ್ತಾ ಹೋಗಿ, ಡಬ್ಲ್ಯುಎಲ್ ಅಗಾರ್ (ಯೀಸ್ಟ್ ಬೆಳೆಸುವ ಜೆಲ್ಲಿಯಂಥ ಆಹಾರ) ಪ್ಲೇಟಿಗೆ ಹಚ್ಚಿ. ಬ್ಯಾಕ್ಟೀರಿಯಾ ತಡೆಯಲು ಅಗಾರ್‌ನಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಇರಲಿ. ಮೂರರಿಂದ ಐದು ದಿನದಲ್ಲಿ ಪ್ಲೇಟ್ ನೋಡುವುದೇ ಒಂದು ಖುಷಿ. ಚಪ್ಪಟೆಯಾದ ಕಡು ಹಸಿರು ಚುಕ್ಕೆ ಹ್ಯಾನ್ಸೆನಿಯಾಸ್ಪೋರಾ ಇರಬಹುದು. ಅಡಿಯಲ್ಲಿ ಕೆಂಗಂದು ಬಣ್ಣ ಕಂಡರೆ ಮೆಚ್ನಿಕೋವಿಯಾ ಎಂಬ ಯೀಸ್ಟ್ ಇರಬಹುದು. ಸುತ್ತಲಿನ ಕಬ್ಬಿಣದ ಅಂಶವನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದ ಆ ಬಣ್ಣ ಬರುತ್ತದೆ. ಕಬ್ಬಿಣ ಸಿಗದೆ ಪಕ್ಕದ ಬೂಷ್ಟು ಸೊರಗುತ್ತದೆ. ಆದರೂ ಬಣ್ಣ ನಂಬಿ ಹೆಸರಿಡಬೇಡಿ, ಡಿಎನ್ಎ ಪರೀಕ್ಷೆ ಬೇಕೇ ಬೇಕು.

ನನಗೆ ಇದರಲ್ಲೆಲ್ಲ ಲಚಾನ್ಸಿಯಾ ಥರ್ಮೊಟಾಲರನ್ಸ್ ಎಂಬ ಯೀಸ್ಟ್ ಮೇಲೆ ಹೆಚ್ಚು ಆಸೆ. ಬೇಸಿಗೆ ಬಿಸಿಯಾದಷ್ಟೂ ದ್ರಾಕ್ಷಿಯ ಹುಳಿ ಇಳಿಯುತ್ತದೆ, ವೈನ್ ಸಪ್ಪೆಯಾಗುತ್ತದೆ. ಈ ಯೀಸ್ಟ್ ಸ್ವಲ್ಪ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಹುಳಿಯನ್ನು ಮರಳಿ ಕೊಡುತ್ತದೆ.

ಕೊನೆಗೆ ಪ್ಲೇಟಿನಿಂದ ಒಂದೊಂದು ಯೀಸ್ಟನ್ನೂ ಬೇರೆ ಬೇರೆಯಾಗಿ ತೆಗೆದು ಪುಟ್ಟ ಫ್ಲಾಸ್ಕಿನ ರಸದಲ್ಲಿ ಬೆಳೆಸಿ, ದಿನಾ ತೂಗಿ. ಹೊರಹೋದ ಕಾರ್ಬನ್ ಡೈಆಕ್ಸೈಡಿನಷ್ಟು ತೂಕ ಇಳಿಯುತ್ತದೆ, ಹುದುಗುವ ವೇಗ ಅದರಲ್ಲೇ ಗೊತ್ತಾಗುತ್ತದೆ. ಮೂಸಿಯೂ ನೋಡಿ. ಕೊಳೆತ ಮೊಟ್ಟೆ ಅಥವಾ ನೇಲ್ ಪಾಲಿಶ್ ವಾಸನೆ ಬಂದರೆ ಆ ಯೀಸ್ಟನ್ನು ಕೈಬಿಡಿ. ಲಚಾನ್ಸಿಯಾದಂಥವು ಒಂಟಿಯಾಗಿ ಸಕ್ಕರೆ ಮುಗಿಸುವುದು ಕಷ್ಟ. ಒಂದೆರಡು ದಿನ ಬಿಟ್ಟು ಸ್ಯಾಕರೋಮೈಸಿಸ್ ಸೇರಿಸಿ.

ಒಳ್ಳೆಯ ಯೀಸ್ಟನ್ನು, ಹೆಪ್ಪುಗಟ್ಟುವಾಗ ಜೀವಕೋಶ ಕಾಯುವ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಇಡಿ. ಟ್ಯೂಬಿನ ಮೇಲೆ ಬಳ್ಳಿಯ ಜಾಗ, ತಾರೀಖು ಬರೆಯಲು ಮರೆಯಬೇಡಿ. ಮುಂದಿನ ವರ್ಷ ಅದೇ ಬಳ್ಳಿಯಲ್ಲಿ ಬೇರೆಯದೇ ಗುಂಪು ಸಿಗಬಹುದು.