‘ದಿ ಥರ್ಡ್ ಮ್ಯಾನ್’ ಜಾಡು ಹಿಡಿದು ವಿಯೆನ್ನಾದಲ್ಲಿ: ನನ್ನ ಅನುಭವ

‘ದಿ ಥರ್ಡ್ ಮ್ಯಾನ್’ ಸಿನಿಮಾದ ದೃಶ್ಯಗಳನ್ನು ಅವೇ ಜಾಗಗಳಿಂದ ಮತ್ತೆ ಫೋಟೊ ತೆಗೆಯಲು ಹೋಗಿದ್ದೆ. ನಿರ್ದೇಶಕ ಕ್ಯಾರಲ್ ರೀಡ್ 1948ರಲ್ಲಿ ಚಿತ್ರೀಕರಿಸಿದ ಜಾಗಗಳು ಹೆಚ್ಚಿನವು ಇಂದಿಗೂ ನಿಂತಿವೆ. ಆದರೆ ಕಥೆಯ ಕ್ರಮದಲ್ಲಿ ಹೋದರೆ ಊರೆಲ್ಲ ಅಲೆಯಬೇಕಾಗುತ್ತದೆ. ನಾನು 71ನೇ ನಂಬರಿನ ಟ್ರಾಮನ್ನೇ ನಂಬಿದೆ. ಶೊಟೆನ್‌ಟೋರ್, ಊರ ನಡುವಿನ ರಿಂಗ್ ರಸ್ತೆ, ದೊಡ್ಡ ಸ್ಮಶಾನ ಎಲ್ಲ ಅದೇ ಹಳಿಯಲ್ಲಿ ಸಿಗುತ್ತವೆ. ಯಾರಾದರೂ ತೀರಿಕೊಂಡರೆ ‘71 ಹತ್ತಿದ’ ಎನ್ನುವುದು ವಿಯೆನ್ನಾದವರ ಮಾತು.

ಮೊದಲೇ ಸಿನಿಮಾದ ದೃಶ್ಯಗಳನ್ನು ಕಾಗದಕ್ಕೆ ಮುದ್ರಿಸಿಕೊಳ್ಳಿ. ಕತ್ತಲಲ್ಲಿ ಮೊಬೈಲ್ ಪರದೆ ಕಣ್ಣು ಕುಕ್ಕುತ್ತದೆ. ಕ್ಯಾಮೆರಾ 4:3ಕ್ಕೆ ಇಡಿ, ಹಳೆಯ ಚೌಕಟ್ಟಿಗೆ ಅದೇ ಹತ್ತಿರ.

ಹಳೆಯ ದೃಶ್ಯಕ್ಕೆ ಚೌಕಟ್ಟು ಹೊಂದಿಸುವಾಗ ಎಲ್ಲರೂ ಮೊದಲು ಜೂಮ್ ತಿರುಗಿಸುತ್ತಾರೆ. ತಪ್ಪಾಗುವುದೇ ಅಲ್ಲಿ. ಜೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆ ಅಷ್ಟೇ, ಹತ್ತಿರದ ವಸ್ತು ದೂರದ್ದನ್ನು ಎಷ್ಟು ಮರೆಮಾಡಿದೆ ಅನ್ನುವುದು ಬದಲಾಗುವುದಿಲ್ಲ. ಕಲ್ಲಿನ ಎರಡು ಗುರುತು ಆರಿಸಿ, ಒಂದು ಹತ್ತಿರದ್ದು, ಒಂದು ದೂರದ್ದು. ಅವುಗಳ ನಡುವಿನ ಅಂತರ ಕೂಡುವವರೆಗೆ ಎಡಕ್ಕೋ ಬಲಕ್ಕೋ ಸರಿಯಿರಿ. ಆಮೇಲೆ ಹಿಂದೆ ಮುಂದೆ. ಜೂಮ್ ಕೊನೆಗೆ. ಮರ, ದೀಪದ ಕಂಬಗಳನ್ನು ನಂಬಬೇಡಿ. ಯೋಸೆಫ್ಸ್‌ಪ್ಲಾಟ್ಸ್ 5ರಲ್ಲಿ, ಅಂದರೆ ಕಥೆಯ ಖಳ ಹ್ಯಾರಿ ಲೈಮ್‌ನ ಮನೆಯಾಗಿ ತೋರಿಸಿದ ಅರಮನೆಯಲ್ಲಿ, ಬಾಗಿಲಿನ ಇಕ್ಕೆಲದ ಶಿಲಾಬಾಲಿಕೆಯರೂ ಚೌಕದ ನಡುವಿನ ಪ್ರತಿಮೆಯ ಪೀಠವೂ ಇದಕ್ಕೆ ಹೇಳಿ ಮಾಡಿಸಿದ ಗುರುತುಗಳು.

ಕತ್ತಲಲ್ಲಿ ನಿಂತ ಲೈಮ್‌ನ ಬೂಟಿಗೆ ಬೆಕ್ಕು ಮೈ ಉಜ್ಜುವ ಆ ಬಾಗಿಲು ಶ್ರೈಫೋಗೆಲ್‌ಗಾಸೆ 8. ಶೊಟೆನ್‌ಟೋರ್‌ನಿಂದ ನಡೆದೇ ಹೋಗಬಹುದು. ಮಳೆ ನಿಂತ ರಾತ್ರಿಯೇ ಹೋಗಿ: ಚಿತ್ರದಲ್ಲಿ ಬೀದಿಗೆ ನೀರು ಹೊಡೆಸಿದ್ದರಿಂದಲೇ ಗುಂಡುಗಲ್ಲುಗಳು ಹಾಗೆ ಮಿನುಗುತ್ತವೆ. ಒಣ ಕಲ್ಲು ಬರೀ ಕಪ್ಪಾಗಿ ಬೀಳುತ್ತದೆ. ಟ್ರೈಪಾಡ್, ಐಎಸ್ಒ 400, ಎಫ್ 5.6, ಎರಡರಿಂದ ನಾಲ್ಕು ಸೆಕೆಂಡು ನನಗೆ ಸಾಕಾಯಿತು. ಚಿತ್ರದಲ್ಲಿರುವಂತೆ ಓರೆ ಚೌಕಟ್ಟು ಬೇಕಿದ್ದರೂ ಮೊದಲು ನೇರವಾಗಿ ಹೊಂದಿಸಿ, ಆಮೇಲೆ ವಾಲಿಸಿ. ಫ್ಲಾಶ್ ಬೇಡ, ಒಳಗೆ ಜನ ವಾಸವಿದ್ದಾರೆ.

ಇಲ್ಲಿಂದ ಓಡಿದ ಲೈಮ್ ಮಾಯವಾಗುವುದು ಆಮ್ ಹೋಫ್ ಚೌಕದಲ್ಲಿ, ಐದಾರು ನಿಮಿಷದ ನಡಿಗೆ. ಅವನು ಚರಂಡಿಗಿಳಿಯಲು ಒಳಹೊಕ್ಕ ಜಾಹೀರಾತು ಕಂಬ ಚಿತ್ರೀಕರಣಕ್ಕೆಂದು ನಿಲ್ಲಿಸಿದ್ದು, ಹುಡುಕಿ ಸುಸ್ತಾಗಬೇಡಿ.

ಲೈಮ್‌ನನ್ನು ಬೆನ್ನಟ್ಟುವ ದೃಶ್ಯದ ಚರಂಡಿಯೊಳಗಿನ ಪ್ರವಾಸ ಕಾರ್ಲ್ಸ್‌ಪ್ಲಾಟ್ಸ್ ಬಳಿಯಿಂದ, ಮೇನಿಂದ ಅಕ್ಟೋಬರ್‌ವರೆಗೆ ಮಾತ್ರ. ಮುಂಗಡ ಕಾಯ್ದಿರಿಸಿ. ಸುರುಳಿ ಮೆಟ್ಟಿಲು ಇಕ್ಕಟ್ಟು, ಚಪ್ಪಲಿ ನಡೆಯದು. ಜೋರು ಮಳೆ ಬಂದರೆ ಒಳಗೆ ನೀರೇರುವ ಕಾರಣ ರದ್ದಾಗಬಹುದು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಪ್ರಾಟರ್ ಉದ್ಯಾನದ 64.75 ಮೀಟರ್ ಎತ್ತರದ ಜೈಂಟ್ ವೀಲ್ ಚಕ್ರ 1944ರಲ್ಲಿ ಸುಟ್ಟು, ಮತ್ತೆ ಕಟ್ಟಿದಾಗ ಜನ ಕೂರುವ 30 ಡಬ್ಬಿಗಳ ಬದಲು 15 ಉಳಿದವು. ಸಿನಿಮಾದಲ್ಲಿ ಕಾಣುವುದೂ ಈ 15ರ ಚಕ್ರವೇ, ಹಾಗಾಗಿ ಡಬ್ಬಿಗಳ ನಡುವಿನ ಅಂತರ ಇಂದಿಗೂ ಕೂಡುತ್ತದೆ. ಒಳಗಿಂದ ತೆಗೆಯುವಾಗ ಕಪ್ಪು ಅಂಗಿ ತೊಟ್ಟು ಲೆನ್ಸನ್ನು ಗಾಜಿಗೇ ಒತ್ತಿಡಿ, ಇಲ್ಲದಿದ್ದರೆ ನಿಮ್ಮ ಮುಖವೇ ಊರಿನ ಮೇಲೆ ಮೂಡುತ್ತದೆ.

ಸ್ಮಶಾನಕ್ಕೆ ಎರಡನೇ ಗೇಟಿನಲ್ಲಿ ಇಳಿಯಿರಿ. ಲೈಮ್‌ನ ಪ್ರೇಯಸಿ ಅನ್ನಾ ನಡೆದು ಬರುವ ಕೊನೆಯ ದೃಶ್ಯಕ್ಕೆ ಎಲೆ ಉದುರುವ ಕಾಲವೇ ಬೇಕು. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ, ಮಧ್ಯಾಹ್ನದೊಳಗೆ ತಲುಪಿ, ದಾರಿಯ ನಟ್ಟನಡುವೆ ಕ್ಯಾಮೆರಾ ಇಡಿ.