ಅತ್ತೆಯ ಸಂಜೆಗಳು ತಣ್ಣಗಾದದ್ದು ಹೀಗೆ

ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿ ಏಳು ವರ್ಷ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಂಥವರನ್ನು ನೋಡಿಕೊಳ್ಳುವವರಿಗೆ ಸಂಜೆಯ ಕಷ್ಟ ನಾನು ಹೇಳಬೇಕಾಗಿಲ್ಲ. ಐದೂವರೆ ಆಯಿತೆಂದರೆ ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು "ಎನಗೆ ಮನಗೆ ಹೋಯೆಕ್ಕು" (ನನಗೆ ಮನೆಗೆ ಹೋಗಬೇಕು) ಎಂದು ಹೊರಟೇಬಿಡುತ್ತಿದ್ದರು. 50 ವರ್ಷ ಬಾಳಿದ ಮನೆಯ ಜಗಲಿಯಲ್ಲೇ ನಿಂತು.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪು. "ಇದೇ ನಿಮ್ಮ ಮನೆ ಅತ್ತೆ" ಎಂದು ವಾದಿಸಿದೆ. ಗೇಟಿಗೆ ಬೀಗ ಹಾಕಿದೆ. ಒಂದು ದಿನ ತೋಟದ ಕಡೆಯಿಂದ ಇಳಿದು ನೀರು ಹರಿಯುವ ಕಣಿಯಲ್ಲಿ ಬಿದ್ದರು. ನಿದ್ರೆ ಮಾತ್ರೆ ಕೊಟ್ಟರೆ ಮರುದಿನ ಮಧ್ಯಾಹ್ನದವರೆಗೂ ತೂರಾಡುತ್ತಿದ್ದರು.

ಹೋಂ ನರ್ಸ್ ಕೂಡ ಬಂದಳು, ತಿಂಗಳಿಗೆ 18 ಸಾವಿರದ ಹತ್ತಿರ. ಒಳ್ಳೆಯ ಹುಡುಗಿ, ಆದರೆ ಮಲಯಾಳ ಮಾತ್ರ. ಅತ್ತೆಗೆ ಮೊದಲು ಮಲಯಾಳ ಚೆನ್ನಾಗಿಯೇ ಬರುತ್ತಿತ್ತು. ಆದರೆ ದೊಡ್ಡವರಾದ ಮೇಲೆ ಕಲಿತ ಭಾಷೆ ಹೆಚ್ಚಾಗಿ ಮೊದಲು ಜಾರುತ್ತದೆ, ಮನೆಮಾತು ಉಳಿಯುತ್ತದೆ. ನಾಲ್ಕು ತಿಂಗಳಲ್ಲಿ 70 ಸಾವಿರ ಖರ್ಚು, ಸಂಜೆ ಅದೇ ಗಲಾಟೆ. ನೆನಪಿನ 30 ಅಂಕದ ಪರೀಕ್ಷೆಯನ್ನೂ ಮಲಯಾಳದಲ್ಲಿ ಕೇಳಿದಾಗ 9 ಬಂದಿತ್ತು. ಇನ್ನೊಂದು ಕಡೆ ನಾನು ಹಟ ಹಿಡಿದು ಕನ್ನಡದಲ್ಲಿ ಕೇಳಿಸಿದೆ. 14 ಬಂತು. ತಮ್ಮ ಮಾತಿನಲ್ಲೇ ಪರೀಕ್ಷೆ ಮಾಡಿಸುವುದನ್ನು ಗಡಿನಾಡಿನವರು ಬಿಟ್ಟುಕೊಡಲೇಬಾರದು.

ದಾರಿ ಸಿಕ್ಕಿದ್ದು ದೇವರ ಕೋಣೆಯಲ್ಲಿ. ಒಂದು ದಿನ ಹತ್ತಿ ಚೆಲ್ಲಿತ್ತು. ಅತ್ತೆ ಕುಳಿತರು, ಬೀಜ ತೆಗೆದರು, ಬೆರಳಿಗೆ ಬೂದಿ ಮುಟ್ಟಿಸಿ ಬತ್ತಿ ಹೊಸೆದರು. ಮಗನನ್ನು ಅಣ್ಣ ಎಂದು ಕರೆಯುವವರು ಒಂದು ಬತ್ತಿಯನ್ನೂ ಓರೆ ಮಾಡಲಿಲ್ಲ.

ಅಂದಿನಿಂದ ನಾಲ್ಕು ಗಂಟೆಗೇ ಹತ್ತಿ ಮಡಿಲಿಗೆ. ಗಲಾಟೆ ಶುರುವಾದ ಮೇಲೆ ಕೊಟ್ಟರೆ ಬಿಸಾಡುತ್ತಾರೆ. ಕತ್ತಲಾಗುವ ಮೊದಲೇ ಚಾವಡಿಯ ಲೈಟೆಲ್ಲ ಹಾಕಬೇಕು, ಗೋಡೆಯಲ್ಲಿ ನೆರಳು ಆಡಬಾರದು. ಬೀಜ ಇರುವ ಹತ್ತಿಯೇ ಬೇಕು. ಬೀಜ ತೆಗೆಯುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ.

ಆದರೂ ಎದ್ದರೆ ತಡೆಯುವುದಿಲ್ಲ. "ಹೋಪ ಅತ್ತೆ" (ಹೋಗೋಣ ಅತ್ತೆ) ಎಂದು ಕೈ ಹಿಡಿದು ದನದ ಹಟ್ಟಿ ಸುತ್ತಿ, ಬಾವಿಕಟ್ಟೆ ದಾಟಿ ಮತ್ತೆ ಅಂಗಳಕ್ಕೆ ಕರೆದುಕೊಂಡು ಬರುತ್ತೇನೆ. ಬಾವಿಯ ಹತ್ತಿರ ಅವರ ತವರಿನ ಒಂದು ಮಾತು ಹೇಳುತ್ತೇನೆ, ಆಗ ಮುಖ ಸಡಿಲವಾಗುತ್ತದೆ. ಅದು ಇಲ್ಲಿ ಬೇಡ. ನಿಮ್ಮವರ ಮಾತು ನಿಮ್ಮ ಮನೆಯಲ್ಲೇ ಇರುತ್ತದೆ, ಅಲ್ವಾ?

"ಬತ್ತಿ ಹೊಸೆದರೆ ಕಾಯಿಲೆ ಹೋಗುತ್ತಾ?" ಎಂದು ಮಾತ್ರೆಯೇ ಸರಿ ಎನ್ನುತ್ತಿದ್ದ ನಾದಿನಿ ಕೇಳಿದ್ದರು. ಹೋಗಲಿಲ್ಲ. ಆದರೆ ವಾರಕ್ಕೆ ಆರು ದಿನದ ಗಲಾಟೆ ಒಂದೂವರೆ ತಿಂಗಳಲ್ಲಿ ಒಂದು ದಿನಕ್ಕೆ ಇಳಿಯಿತು. ಹತ್ತಿಗೆ ತಿಂಗಳಿಗೆ 150 ರೂಪಾಯಿ ಇರಬಹುದು. ದೀಪಾವಳಿಗೆ ಬಂದ ನಾದಿನಿ ಮೂರು ಸಂಜೆ ಪಕ್ಕದಲ್ಲಿ ಕುಳಿತು ನೋಡಿದರು. ಆಮೇಲೆ ಮಾತ್ರೆಯ ಸುದ್ದಿ ಎತ್ತಲಿಲ್ಲ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಕನ್ನಡಿಗೆ ಬಟ್ಟೆ ಮುಚ್ಚಿದ ಮೇಲೆ "ಒಳಗೆ ಯಾರೋ ಹೆಂಗಸು" ಎನ್ನುವುದು ನಿಂತಿತು. ಬಿಳಿ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದವರು ಬಾಳೆಲೆಯಲ್ಲಿ ಪೂರಾ ಉಣ್ಣುತ್ತಾರೆ, ಹಸುರಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಟಿವಿ ಮಾತ್ರ ಕೈಕೊಟ್ಟಿತು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಎರಡೇ ದಿನದಲ್ಲಿ ಎಲ್ಲ ಕೆಟ್ಟಿತು, ರಾತ್ರಿಯಿಡೀ ಕಿರುಚಾಟ. ಕಾಯಿಲೆ ಜಾಸ್ತಿಯಾಯಿತೆಂದು ಕಣ್ಣೀರು ಹಾಕಿದೆವು. ನೋಡಿದರೆ ಮೂತ್ರದ ಸೋಂಕು. ಔಷಧ ಮುಗಿಯುವಾಗ ಮೊದಲಿನಂತಾದರು. ದಿಢೀರನೆ ಬದಲಾದರೆ ಹತ್ತಿ ಹಿಡಿದು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಈಗ ಐದು ಡಬ್ಬ ಬತ್ತಿ ತುಂಬಿದೆ. ಹತ್ತಿ ಮುಗಿದ ದಿನ, ಅವರು ಮಲಗಿದ ಮೇಲೆ, ನಾನು ಹಳೆಯ ಬತ್ತಿ ಬಿಡಿಸಿಡುತ್ತೇನೆ.