ತುಂಡು ಬಟ್ಟೆಯ ಕೌದಿ: ಯಾವ ಕೆಲಸ ಮನೆಯಲ್ಲಿ, ಯಾವುದು ರೈಲಿನಲ್ಲಿ

ಹೊಲಿಗೆಯ ಆಸಕ್ತಿಯಿರುವ ಬಹಳಷ್ಟು ಮನೆಗಳ ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಅರ್ಧ ಕೌದಿಯೊಂದು ಇರುವುದನ್ನು ತುಮಕೂರಿನಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬಣ್ಣಬಣ್ಣದ ಚೌಕಗಳನ್ನು ಕತ್ತರಿಸುವವರೆಗೆ ಎಲ್ಲರಿಗೂ ಉತ್ಸಾಹವಿರುತ್ತದೆ. ಆಮೇಲೆ ಮೂಲೆಗೆ ಮೂಲೆ ಕೂಡುವುದಿಲ್ಲ, ಹೇಗೋ ಕೂಡಿಸಿ ಅಸ್ತರಿನ ಮೇಲೆ ಹರಡಿದರೆ ನಡುವೆ ಉಬ್ಬಿಕೊಳ್ಳುತ್ತದೆ, ಹೊಲಿದು ಮುಗಿಸಿ ತಿರುವಿ ನೋಡಿದರೆ ಹಿಂಬದಿಯ ಬಟ್ಟೆ ಮಡಿಕೆ ಮಡಿಕೆಯಾಗಿ ಸಿಕ್ಕಿಕೊಂಡಿರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: ಇದಕ್ಕೆಲ್ಲ ಪುರುಸೊತ್ತು ಬೇಕು. ಆದರೆ ನಾನು ಅತಿ ಹೆಚ್ಚು ಕೌದಿ ಹೊಲಿದದ್ದು ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ. ಚೀಲದಲ್ಲಿ ಒಯ್ಯಬಹುದಾದ ಕೆಲಸ ಯಾವುದು, ಮನೆಯ ನೆಲದ ಮೇಲೆ ಒಂದೇ ಸಲಕ್ಕೆ ಮುಗಿಸಬೇಕಾದ ಕೆಲಸ ಯಾವುದು ಎಂಬುದನ್ನು ಮೊದಲೇ ಬೇರ್ಪಡಿಸಿಕೊಂಡರೆ ಈ ಹವ್ಯಾಸ ದಿನದ ದುಡಿಮೆಗೂ ಪ್ರವಾಸಕ್ಕೂ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಉತ್ತರ ಕರ್ನಾಟಕದವರು ಕೌದಿ ಎನ್ನುವುದನ್ನು ಪಾವಗಡ, ಕೋಲಾರದ ಕಡೆ ಬೊಂತೆ ಎನ್ನುವುದುಂಟು. ಅಜ್ಜಿಯರ ಕೌದಿಯಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ತುಂಡುಗಳನ್ನು ನೇರವಾಗಿ ಅದರ ಮೇಲೆಯೇ ಇಟ್ಟು ಸಾಲು ಹೊಲಿಗೆ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರ ಕವಂದ್ ಕೂಡ ಇದೇ ಬಗೆಯದು. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅಲ್ಲಿ ತುಂಡುಗಳ ಅಳತೆ ಒಂದೇ ಆಗಿರಬೇಕಾಗಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಚೌಕಗಳನ್ನು ಮೊದಲು ಒಂದಕ್ಕೊಂದು ಕೂಡಿಸಿ, ಆಮೇಲೆ ಅಸ್ತರಿಗೆ ಸೇರಿಸುವ ಬಗೆ. ಇದಕ್ಕೆ ಅಳತೆಯೇ ಜೀವಾಳ. ಅಜ್ಜಿ ಯಾವ ಅಳತೆಯೂ ಇಲ್ಲದೆ ಹೊಲಿಯುತ್ತಿದ್ದರಲ್ಲ ಎಂದು ಈ ಬಗೆಯಲ್ಲೂ ಕಣ್ಣಂದಾಜಿನಲ್ಲಿ ಕತ್ತರಿಸುವವರು ಮೊದಲ ವಾರವೇ ಸೋಲುತ್ತಾರೆ.

ಮೊದಲ ಕೌದಿಯನ್ನು ಡಬಲ್ ಮಂಚಕ್ಕೆ ಎಂದು ಯೋಚಿಸಲೇಬೇಡಿ. 36 ಇಂಚು ಉದ್ದ, 36 ಇಂಚು ಅಗಲದ ಮಗುವಿನ ಕೌದಿ ಸಾಕು. ಅದಕ್ಕೆ ಐದಿಂಚಿನ 64 ಚೌಕಗಳು ಬೇಕು. ಪ್ರತಿ ಬದಿಯಲ್ಲೂ ಕಾಲಿಂಚು ಹೊಲಿಗೆಯ ಒಳಗೆ ಹೋಗಿ, ಚೌಕವೊಂದು ನಾಲ್ಕೂವರೆ ಇಂಚಾಗಿ ಕಾಣುತ್ತದೆ. ಸಾಲಿಗೆ ಎಂಟರಂತೆ ಎಂಟು ಸಾಲು.

ಬಟ್ಟೆ ಶುದ್ಧ ಕಾಟನ್ ಆಗಿರಲಿ. ಟೈಲರ್ ಅಂಗಡಿಗಳಲ್ಲಿ ಉಳಿದ ಚೂರುಗಳನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಆದರೆ ಅದರಲ್ಲಿ ಪಾಲಿಸ್ಟರ್ ಬೆರೆತ ರವಿಕೆ ಬಟ್ಟೆ, ಅಸ್ತರು ಬಟ್ಟೆ ಎಲ್ಲವೂ ಇರುತ್ತವೆ. ಅನುಮಾನ ಬಂದ ತುಂಡಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಳೆಯ ಸೀರೆಯನ್ನು ಬಳಸುವುದಾದರೆ ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನಿಂದ ಎಳೆದು ನೋಡಿ. ಸೀರೆಯ ಒಡಲು ಸವೆದಿದ್ದರೂ ಸೆರಗಿನ ಕಡೆ ಗಟ್ಟಿಯಾಗಿಯೇ ಇರುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಕುಗ್ಗುವುದೆಲ್ಲ ಕುಗ್ಗಿದ ಮೇಲೆಯೇ ಕತ್ತರಿ ಹಾಕಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ಕೆಂಪು, ಮೆರೂನ್, ಕಡುನೀಲಿ ಬಟ್ಟೆಗಳನ್ನು ಒಂದು ಬಿಳಿ ತುಂಡಿನ ಜೊತೆ ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಬಿಳಿ ತುಂಡಿಗೆ ಬಣ್ಣ ಹತ್ತಿದ್ದರೆ ಆ ಬಟ್ಟೆಯನ್ನು ಬೇರೆಯದಕ್ಕೆ ಇಡಿ. ಕತ್ತರಿಸಿ ಜೋಡಿಸಿದ ಚೌಕಗಳ ಪೊಟ್ಟಣಗಳು ಈಗ ಸಿಗುತ್ತವೆ. ನಾನು ಎರಡು ಸಲ ತರಿಸಿ ನೋಡಿದೆ. ಒಂದರಲ್ಲಿ ಚೌಕಗಳ ಅಳತೆಯೇ ಬೇರೆ ಬೇರೆಯಾಗಿತ್ತು, ಇನ್ನೊಂದರಲ್ಲಿ ಅರ್ಧಕ್ಕರ್ಧ ಪಾಲಿಸ್ಟರ್. ಆ ದುಡ್ಡನ್ನು ಒಂದು ಒಳ್ಳೆಯ ಕತ್ತರಿಗೆ ಹಾಕುವುದು ಮೇಲು.

ಈಗ ಗುರುತು ಹಾಕುವುದು. ಲಗ್ನಪತ್ರಿಕೆಯ ದಪ್ಪ ಕಾಗದದಿಂದ ನಾಲ್ಕೂವರೆ ಇಂಚಿನ ಚೌಕವೊಂದನ್ನು ಕರಾರುವಾಕ್ಕಾಗಿ ಕತ್ತರಿಸಿಕೊಳ್ಳಿ. ಬಟ್ಟೆಯ ಹಿಂಬದಿಗೆ, ಹಾಸು ಎಳೆಗೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗೆ, ಸಮನಾಗಿ ಅದನ್ನಿಟ್ಟು ಸುತ್ತ ಗೆರೆ ಎಳೆದು, ಆ ಗೆರೆಯಿಂದ ಕಾಲಿಂಚು ಬಿಟ್ಟು ಕತ್ತರಿಸಿ. ಬಟ್ಟೆ ಓರೆಯಾದರೆ ಚೌಕ ಇಸ್ತ್ರಿಯ ಅಡಿಯಲ್ಲಿ ಹಿಗ್ಗಿ ಸೊಟ್ಟಗಾಗುತ್ತದೆ. ಇಪ್ಪತ್ತು, ಇಪ್ಪತ್ತೈದು ಚೌಕಗಳಾದ ಮೇಲೆ ಕಾಗದದ ಮೂಲೆಗಳು ಸವೆಯುವುದರಿಂದ ಹೊಸದನ್ನು ತೆಗೆದುಕೊಳ್ಳಬೇಕು. ಗೆರೆಗೆ ತಿಳಿ ಬಣ್ಣದ ಬಟ್ಟೆಯಾದರೆ ಚೂಪಾದ ಪೆನ್ಸಿಲ್, ಗಾಢ ಬಣ್ಣವಾದರೆ ಒಣಗಿದ ಸಾಬೂನಿನ ಚೂರು. ನೀರು ತಾಗಿದರೆ ಅಳಿಸಿಹೋಗುವ ನೀಲಿ ಪೆನ್ನನ್ನು ಮಾತ್ರ ಕೊಳ್ಳಬೇಡಿ. ತೊಳೆಯುವ ಮೊದಲು ಇಸ್ತ್ರಿಯ ಬಿಸಿ ತಗುಲಿದರೆ ಅದರ ಗುರುತು ಉಳಿದುಬಿಡಬಹುದು.

ಕೈಹೊಲಿಗೆಗೆ ದಾರಿ ತೋರುವುದು ಆ ಗೆರೆ. ಮೆಷಿನ್ನಿನವರು ಬಟ್ಟೆಯ ಅಂಚನ್ನು ನೋಡಿ ಹೊಲಿಯುತ್ತಾರೆ, ಕೈಯಲ್ಲಿ ಹೊಲಿಯುವವರು ಗೆರೆಯನ್ನೇ ನೋಡಬೇಕು. ಗೆರೆಯ ಆಚೆ ಬಿಟ್ಟ ಕಾಲಿಂಚಿನ ಮಾರ್ಜಿನ್ ಚೂರು ಹೆಚ್ಚುಕಡಿಮೆಯಾದರೂ ಗೆರೆಯ ಮೇಲೆ ಗೆರೆ ಕೂತರೆ ಚೌಕ ಸರಿಯಾಗಿಯೇ ಬರುತ್ತದೆ. ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ ಆಚೀಚೆಯಾದರೆ ಏನು ಮಹಾ ಎನಿಸಬಹುದು. ಎಂಟು ಚೌಕಗಳ ಸಾಲಿನಲ್ಲಿ ಏಳು ಹೊಲಿಗೆಗಳು, ಪ್ರತಿ ಹೊಲಿಗೆಗೆ ಎರಡು ಬದಿ; ಹದಿನಾಲ್ಕು ಕಡೆ ಆ ತಪ್ಪು ಸೇರಿ ಸಾಲು ಮುಕ್ಕಾಲಿಂಚಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಪಕ್ಕದ ಸಾಲು ಸರಿಯಾಗಿದ್ದರೆ ಇವೆರಡನ್ನು ಯಾವ ಎಳೆದಾಟದಿಂದಲೂ ಕೂಡಿಸಲಾಗದು. ಆದ್ದರಿಂದ ಮೊದಲ ಮೂರು ಚೌಕಗಳನ್ನು ಕೂಡಿಸಿದ ಕೂಡಲೇ ಅಳೆಯಿರಿ. ಮಾರ್ಜಿನ್ ಸೇರಿ ಸರಿಯಾಗಿ ಹದಿನಾಲ್ಕು ಇಂಚು ಬರಬೇಕು. ಬಾರದಿದ್ದರೆ ಬಿಚ್ಚಿ.

ಈ ಕೂಡಿಸುವ ಕೆಲಸವೇ ರೈಲಿಗೆ ಹೇಳಿ ಮಾಡಿಸಿದ್ದು. ಹಿಂದಿನ ರಾತ್ರಿ ಒಂದು ಸಾಲಿನ ಎಂಟು ಚೌಕಗಳನ್ನು ಕ್ರಮವಾಗಿ ಜೋಡಿಸಿ, ಮೂಲೆಗೆ ಒಂದು, ಎರಡು ಎಂದು ಅಂಕಿ ಬರೆದು, ಪಿನ್ ಹಾಕಿ ಡಬ್ಬಿಯಲ್ಲಿಡಿ. ಜೊತೆಗೆ ಗಿಡ್ಡ ಸೂಜಿ, 9 ಅಥವಾ 10ನೇ ನಂಬರಿನದು, ನೂಲಿನ ದಾರ, ಮೊಂಡು ತುದಿಯ ಚಿಕ್ಕ ಕತ್ತರಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಉದ್ದವಾದಷ್ಟೂ ಗಂಟು ಬೀಳುತ್ತದೆ. ತುಮಕೂರಿನಿಂದ ಹೊರಟ ಗಾಡಿ ಕ್ಯಾತಸಂದ್ರ ದಾಟುವಷ್ಟರಲ್ಲಿ ಮೊದಲ ಚೌಕ ಕೈಯಲ್ಲಿರುತ್ತಿತ್ತು, ಚಿಕ್ಕಬಾಣಾವರ ಬರುವ ಹೊತ್ತಿಗೆ ಒಂದು ಸಾಲು ಮುಗಿದಿರುತ್ತಿತ್ತು. ನಿಂತು ಹೋಗಬೇಕಾದ ದಿನ ಡಬ್ಬಿ ತೆರೆಯಬಾರದು. ತಟ್ಟೆ ಇಡ್ಲಿ ತಿಂದು ಬಂದ ಕೈಯನ್ನು ಸಾಬೂನು ಹಾಕಿ ತೊಳೆಯದೆ ಬಟ್ಟೆ ಮುಟ್ಟಬಾರದು, ಬೆಣ್ಣೆಯ ಜಿಡ್ಡು ತಿಳಿ ಬಣ್ಣದ ಕಾಟನ್‌ನಿಂದ ಸುಲಭಕ್ಕೆ ಹೋಗುವುದಿಲ್ಲ. ತುಮಕೂರಿನ ಹತ್ತಿರದ ನಾಮದ ಚಿಲುಮೆಯ ಮರದಡಿ ಚಾಪೆ ಹಾಸಿ ಕೂತಾಗಲೂ ಈ ಡಬ್ಬಿ ಒಳ್ಳೆಯ ಸಂಗಾತಿ. ದೇವರಾಯನದುರ್ಗದ ಬೆಟ್ಟದ ಮೇಲೆ ಮಾತ್ರ ಚೀಲದ ಬಾಯಿ ತೆರೆಯಬೇಡಿ, ಅಲ್ಲಿನ ಕೋತಿಗಳಿಗೆ ಡಬ್ಬಿ ಎಂದರೆ ತಿಂಡಿಯೇ. ಎಲ್ಲಿ ಕೂತರೂ ಏಳುವ ಮುನ್ನ ಸೂಜಿಗಳನ್ನು ಎಣಿಸಿ. ಚಾಪೆಯಲ್ಲಿ ಉಳಿದ ಸೂಜಿ ಯಾವುದೋ ಮಗುವಿನ ಕಾಲಿಗೆ ಹೋಗುತ್ತದೆ.

ಸಾಲುಗಳನ್ನು ಇಸ್ತ್ರಿ ಮಾಡುವಾಗ ಒಂದು ಸಾಲಿನ ಮಾರ್ಜಿನ್‌ಗಳೆಲ್ಲ ಎಡಕ್ಕೆ, ಮುಂದಿನ ಸಾಲಿನವು ಬಲಕ್ಕೆ ಮಲಗಲಿ. ಆಗ ಎರಡು ಸಾಲು ಕೂಡುವಲ್ಲಿ ಉಬ್ಬುಗಳು ಒಂದರ ಪಕ್ಕ ಒಂದು ಕೂತು, ಮೂಲೆಗಳು ತಾವಾಗಿಯೇ ಎದುರುಬದುರಾಗುತ್ತವೆ. ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಬೇಕು, ಉಜ್ಜಬಾರದು.

ಇನ್ನು ಮೂರು ಪದರ ಸೇರಿಸುವ ಘಟ್ಟ. ಅಟ್ಟ ಸೇರಿದ ಕೌದಿಗಳಲ್ಲಿ ಹೆಚ್ಚಿನವು ಇಲ್ಲಿಯೇ ಕೆಟ್ಟವು. ಇದನ್ನು ಸಂಜೆ ಒಂದಿಷ್ಟು, ನಾಳೆ ಒಂದಿಷ್ಟು ಎಂದು ಮಾಡಲಾಗದು. ಭಾನುವಾರ ತಿಂಡಿಯಾದ ಮೇಲೆ ಎರಡು ಗಂಟೆ ಬಿಡುವು ಮಾಡಿಕೊಂಡು, ನಡುಮನೆಯ ನೆಲ ಒರೆಸಿ ಒಣಗಿಸಿ, ಫ್ಯಾನು ಆರಿಸಿ ಕುಳಿತುಕೊಳ್ಳಿ. ಮಂಚದ ಮೇಲೆ ಮಾಡಬೇಡಿ, ಹಾಸಿಗೆ ತಗ್ಗುತ್ತದೆ. ಐದೂವರೆ ಮೀಟರಿನ ಹಳೆಯ ಕಾಟನ್ ಸೀರೆಯಲ್ಲಿ 40 ಇಂಚಿನ ಐದು ತುಂಡುಗಳು ಸಿಗುತ್ತವೆ. ಗಟ್ಟಿಯಾದ ಒಂದು ಅಡಿಗೆ, ಎರಡು ನಡುವಿಗೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹಗುರ ಪಾಲಿಸ್ಟರ್ ಹಾಳೆಯನ್ನು ನಡುವೆ ಹಾಕಿದರೆ ಕೌದಿ ನೋಡಲು ಉಬ್ಬುಬ್ಬಾಗಿ ಚೆಂದ ಕಾಣುತ್ತದೆ, ಆದರೆ ಅದು ಹೊಲಿಯುವಾಗ ಜಾರುತ್ತದೆ, ನಮ್ಮ ಬೇಸಿಗೆಯಲ್ಲಿ ಬೆವರಿಳಿಸುತ್ತದೆ. ಸೀರೆಯೇ ಸರಿ.

ಅಡಿಯ ಬಟ್ಟೆಯನ್ನು ಒಳಬದಿ ಮೇಲೆ ಬರುವಂತೆ ಹಾಸಿ. ಅದು ಮೇಲ್ಪದರಕ್ಕಿಂತ ಸುತ್ತಲೂ ಸುಮಾರು ಎರಡೆರಡು ಇಂಚು ಹೆಚ್ಚಿಗೆ ಇರಬೇಕು. ಒಂದು ಬದಿಯ ನಡುವಿಗೆ ಪ್ಯಾಕಿಂಗ್ ಟೇಪು ಅಂಟಿಸಿ, ಎದುರು ಬದಿಯ ನಡುವಿಗೆ ಹೋಗಿ ಸುಕ್ಕು ಹೋಗುವಷ್ಟು ಮಾತ್ರ ಎಳೆದು ಅಂಟಿಸಿ, ಉಳಿದೆರಡು ಬದಿಗಳಿಗೂ ಹೀಗೆಯೇ ಮಾಡಿ, ಮೂಲೆಗಳನ್ನು ಕೊನೆಗೆ ಅಂಟಿಸಿ. ಜಗ್ಗಿ ಎಳೆದರೆ ಟೇಪು ಬಿಚ್ಚಿದ ಕೂಡಲೇ ಬಟ್ಟೆ ಹಿಂದಕ್ಕೆ ಕುಗ್ಗಿ ಮೇಲ್ಪದರವನ್ನು ಮುದುರಿಸುತ್ತದೆ. ಅಂಗೈಯನ್ನು ಬಟ್ಟೆಯ ಮೇಲೆ ಆಡಿಸಿದಾಗ ಬಟ್ಟೆ ಕೈಯ ಜೊತೆ ಸರಿಯಬಾರದು, ತಂತಿಯಂತೆ ಬಿಗಿದೂ ಇರಬಾರದು. ಈ ಹದ ಕೈಗೆ ಸಿಗಲು ಎರಡು ಮೂರು ಸಲ ಟೇಪು ಕಿತ್ತು ಅಂಟಿಸಬೇಕಾದೀತು, ಬೇಸರಿಸಬೇಡಿ. ನಂತರ ನಡುವಿನ ಪದರಗಳನ್ನು ಹಾಸಿ ಮಧ್ಯದಿಂದ ಹೊರಕ್ಕೆ ಸವರಿ, ಕೊನೆಗೆ ಚೌಕಗಳ ಮೇಲ್ಪದರವನ್ನು ಮುಖ ಮೇಲಾಗಿ ಇಡಿ.

ಈಗ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಸದ್ಯಕ್ಕೆ ಹಾಕಿ ಕೊನೆಗೆ ಬಿಚ್ಚಿಬಿಡುವ ಹೊಲಿಗೆ. ಉದ್ದ ಸೂಜಿಗೆ ಬಿಳಿ ದಾರ ಪೋಣಿಸಿ, ಸರಿಯಾಗಿ ಮಧ್ಯದ ಬಿಂದುವಿನಿಂದ ಆರಂಭಿಸಿ ಒಂದು ಬದಿಯ ಕಡೆಗೆ ಎರಡಿಂಚಿನ ದೊಡ್ಡ ಹೊಲಿಗೆಗಳನ್ನು ಹಾಕುತ್ತ ಹೋಗಿ. ಮತ್ತೆ ಮಧ್ಯಕ್ಕೇ ಬಂದು ಎದುರು ಬದಿಗೆ, ಆಮೇಲೆ ಉಳಿದೆರಡು ಬದಿಗೆ, ಆಮೇಲೆ ನಾಲ್ಕು ಮೂಲೆಗಳಿಗೆ. ಸಾಲುಗಳ ನಡುವೆ ಎಲ್ಲಿಯೂ ಒಂದು ಅಂಗೈ ಅಗಲಕ್ಕಿಂತ ಹೆಚ್ಚು ಜಾಗ ಉಳಿಯಬಾರದು. ಅಂಚಿನಿಂದ ಶುರು ಮಾಡಿದರೆ ಹೆಚ್ಚುವರಿ ಬಟ್ಟೆಗೆ ಹೊರಹೋಗುವ ದಾರಿಯಿರದೆ ಅದು ನಡುವೆ ಗುಳ್ಳೆಯಾಗಿ ನಿಲ್ಲುತ್ತದೆ. ಸೂಜಿ ನೆಲಕ್ಕೆ ತಾಗಿ ಮೇಲೆ ಬರುವಾಗ ತುದಿಯನ್ನು ಹಿಡಿಯುವುದು ಕಷ್ಟ. ಎಡಗೈಯಲ್ಲಿ ಒಂದು ಸ್ಟೀಲ್ ಚಮಚ ಹಿಡಿದು, ಅದರ ಅಂಚಿನಿಂದ ಬಟ್ಟೆಯನ್ನು ಒತ್ತಿದರೆ ಸೂಜಿಯ ತುದಿ ಚಮಚದ ಮೇಲೆ ಜಾರಿ ತಾನಾಗಿ ಎದ್ದು ಬರುತ್ತದೆ; ಬಟ್ಟೆಯನ್ನು ಎತ್ತುವ ಪ್ರಮೇಯವೇ ಇರುವುದಿಲ್ಲ. ಎತ್ತಿದಿರೋ, ಪದರ ಸರಿಯಿತು. ಚಮಚವಿದ್ದರೆ ಬೆರಳ ತುದಿಗಳೂ ಉಳಿಯುತ್ತವೆ. ಮಂಡಿಯನ್ನು ಬಟ್ಟೆಯ ಮೇಲೆ ಊರಬೇಡಿ, ಬಟ್ಟೆಯ ಸುತ್ತ ನೀವು ತಿರುಗಿ. ಅವಸರದವರು ಸೇಫ್ಟಿ ಪಿನ್ ಹಾಕುತ್ತಾರೆ. ಒಂದೇ ವಾರದಲ್ಲಿ ಹೊಲಿದು ಮುಗಿಸುವವರಿಗೆ ಅಡ್ಡಿಯಿಲ್ಲ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ತುಕ್ಕಿನ ಕಲೆ ಶಾಶ್ವತ.

ಟೇಪು ಬಿಚ್ಚಿ, ತಿರುವಿ ಹಾಕಿ, ಕಣ್ಣು ಮುಚ್ಚಿ ಹಿಂಬದಿಯ ಮೇಲೆಲ್ಲ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಮಡಿಕೆ ಕೈಗೆ ಸಿಗುತ್ತದೆ. ಸಿಕ್ಕಿದಲ್ಲಿ ಆ ಭಾಗದ ಕಚ್ಚಾ ಹೊಲಿಗೆಯನ್ನು ಕತ್ತರಿಸಿ ಅಂಚಿನವರೆಗೆ ಮತ್ತೆ ಹಾಕಿ. ನನ್ನ ಮೊದಲ ಕೌದಿಯಲ್ಲಿ ಈ ಹತ್ತು ನಿಮಿಷ ಉಳಿಸಿದ್ದಕ್ಕೆ ಎರಡು ತಿಂಗಳ ಹೊಲಿಗೆಯನ್ನು ಬಿಚ್ಚಬೇಕಾಯಿತು.

ಇನ್ನು ಪದರಗಳನ್ನು ಕಾಯಂ ಆಗಿ ಹಿಡಿಯುವ ಸಾಲು ಹೊಲಿಗೆ; ಅದೂ ಮಧ್ಯದಿಂದಲೇ ಹೊರಕ್ಕೆ. ಕೂಡಿಕೆಯಿಂದ ಕಾಲಿಂಚು ಒಳಗೆ, ಪ್ರತಿ ಚೌಕದಲ್ಲೂ ಒಂದು ಸುತ್ತು ಹಾಕಿದರೆ ಸಾಕು. ಇಂಚಿಗೆ ಐದು ಹೊಲಿಗೆ ಬಂದರೆ ಚೆನ್ನಾಯಿತು. ಚಿಕ್ಕದಾಗಿರುವುದಕ್ಕಿಂತ ಒಂದೇ ಸಮನಾಗಿರುವುದು ಮುಖ್ಯ. ಗಂಟನ್ನು ಮೇಲ್ಪದರದ ಒಳಕ್ಕೆ ಮೆಲ್ಲನೆ ಎಳೆದು ಅಡಗಿಸಬೇಕು, ಹಿಂಬದಿಗೆ ಗಂಟು ಬಿಟ್ಟರೆ ಅದು ಮಗುವಿನ ಮೈಗೆ ಒತ್ತುತ್ತದೆ. ಈ ಗಾತ್ರದ ಕೌದಿಯನ್ನು ಸುರುಳಿ ಸುತ್ತಿ ಬಟ್ಟೆ ಚೀಲದಲ್ಲಿಟ್ಟುಕೊಂಡು ನೆಂಟರ ಮನೆಗೂ ಒಯ್ಯಬಹುದು. ಮಡಿಸಿ ಒಯ್ದರೆ ಪದರಗಳು ಸರಿಯುತ್ತವೆ.

ಕಚ್ಚಾ ಹೊಲಿಗೆ ಬಿಚ್ಚಿ, ಹೆಚ್ಚುವರಿ ಅಂಚು ಕತ್ತರಿಸಿ, ಎರಡೂವರೆ ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಸುತ್ತಲೂ ಹೊಲಿಯಿರಿ. ಹಿಂಬದಿಯ ಒಂದು ಮೂಲೆಯಲ್ಲಿ ಹೊಲಿದವರ ಹೆಸರನ್ನೂ ವರ್ಷವನ್ನೂ ದಾರದಲ್ಲೇ ಬರೆಯಿರಿ. ಮೊದಲ ಸಲ ತಣ್ಣೀರಿನಲ್ಲಿ, ಬೇರೆ ಬಟ್ಟೆ ಸೇರಿಸದೆ ಕೈಯಲ್ಲಿ ಒಗೆದು, ಹಿಂಡದೆ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ಒದ್ದೆ ಕೌದಿಯನ್ನು ತಂತಿಗೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಹೊಲಿಗೆಗಳು ಸಡಿಲವಾಗುತ್ತವೆ.